ಖಾಲಿಯಾಗದ ಪೈ

ಚರ್ಚಿನ ನೆಲಮಾಳಿಗೆಯಲ್ಲಿ ಸುಗ್ಗಿಯ ಊಟ ನಡೆದಾಗಲೆಲ್ಲ ಓರ್ವಿಲ್‌ನ ಜಾಗ ಪಾತ್ರೆ ತೊಳೆಯುವ ತೊಟ್ಟಿಯ ಮುಂದೆ. ಮಿನೆಸೋಟಾದ ಆ ಪುಟ್ಟ ಊರಿನಲ್ಲಿ ಒಮ್ಮೆ ಅಂಟಿಕೊಂಡ ಕೆಲಸ ಸಾಯುವ ತನಕ ಬಿಡುತ್ತಿರಲಿಲ್ಲ. ಅವನಿಗಿದ್ದ ಆಸೆಯೂ ದೊಡ್ಡದಲ್ಲ. ಪಿಯಾನೋ ಪಕ್ಕದ ಮೇಜಿನಲ್ಲಿ, ಗಂಡನನ್ನು ಕಳೆದುಕೊಂಡ ಲವಾನ್‌ಳ ಪಕ್ಕ ಕೂತು ಒಂದು ಊಟ. ಇಷ್ಟು ವರ್ಷಗಳಲ್ಲಿ ಅವನಿಗೆ ಚೆನ್ನಾಗಿ ಪರಿಚಯವಾಗಿದ್ದು ಆಕೆಯ ಎಂಜಲು ತಟ್ಟೆ ಮಾತ್ರ.

"ಪೈ ಮಾಡ್ದೋರು ಪಾತ್ರೆ ಮುಟ್ಟೋ ಹಾಗಿಲ್ಲ, ಗೊತ್ತಲ್ಲ?" ಎಂದಳು ಅಡುಗೆಮನೆಯ ಯಜಮಾನಿ ಗುಡ್ರನ್. "ನೀನೂ ಒಂದು ಮಾಡಿ ತಾ. ತಟ್ಟೆ ಪೂರ್ತಿ ಖಾಲಿಯಾದ್ರೆ ಬಿಡುಗಡೆ. ಚೂರು ಉಳಿದ್ರೂ ಏಪ್ರನ್ ಕಟ್ಕೋ. ಅಂದ ಹಾಗೆ, ಈ ಸಲ ತೊಟ್ಟಿ ಹತ್ರ ನಿನ್ನ ಜೊತೆಗೆ ಬರ್ತೀನಿ ಅಂತ ಒಬ್ಬರು..."

"ಬರೋರೇ ತೊಳ್ಕೊಳ್ಳಲಿ!" ಎಂದು ಓರ್ವಿಲ್ ಮನೆಗೆ ಓಡಿದ.

ಅಮ್ಮ ಮಾಡುತ್ತಿದ್ದ ಹುಳಿಕೆನೆಯ ಕಸ್ಟರ್ಡ್ ಪೈ, ಹಿಟ್ಟಿನ ತಳದ ಮೇಲೆ ಕೆನೆ, ಮೊಟ್ಟೆ ತುಂಬಿ ಬೇಯಿಸುವ ಸಿಹಿ. ಒಣದ್ರಾಕ್ಷಿ, ಅಕ್ರೋಟು, ದಾಲ್ಚಿನ್ನಿ. ಅವಸರದಲ್ಲಿ ಬಿಸಿ ಕೆನೆಗೆ ಮೊಟ್ಟೆ ಸುರಿದದ್ದೇ ತಡ, ಕಸ್ಟರ್ಡ್ ಹೋಗಿ ಮೊಟ್ಟೆ ಪಲ್ಯವಾಯಿತು. ಎರಡನೆಯದು ಓವನ್ನಿನಲ್ಲಿದ್ದಾಗ ಪಕ್ಕದ ಮನೆಯ ಹಾಲ್ವರ್ ಕಾಫಿಗೆ ಬಂದ.

"ಏನೋ ಘಮ ಘಮ! ನೋಡೋಣ ತಡಿ."

"ಬಾಗಿಲು ತೆಗೀಬೇಡ ಮಾರಾಯ!"

ತೆಗೆದೇಬಿಟ್ಟ. ಪೈ ಉಪವಾಸ ಬಿದ್ದವನ ಹೊಟ್ಟೆಯಂತೆ ಒಳಕ್ಕೆ ಹೋಯಿತು.

"ಹಳ್ಳದ ತುಂಬ ಕೆನೆ ಸುರಿ. ಯಾರಿಗೆ ಗೊತ್ತಾಗತ್ತೆ?" ಎಂದ ಹಾಲ್ವರ್, ಉಳಿದ ಅಕ್ರೋಟುಗಳನ್ನು ಬಾಯಿಗೆ ಎಸೆದುಕೊಳ್ಳುತ್ತ.

ಯಾರಿಗೂ ಗೊತ್ತಾಗಲಿಲ್ಲ. ಊಟದ ಹೊತ್ತಿಗೆ ಪೈ ಬಿಸಿಲಿಗಿಟ್ಟ ಬೆಣ್ಣೆಯಂತೆ ಕರಗತೊಡಗಿತು. ಒಂದು ತುಂಡು ಹೋಯಿತು, ಇನ್ನೊಂದು ಹೋಯಿತು. ಓರ್ವಿಲ್ ಬೆರಳು ಮಡಚಿ ಎಣಿಸಿದ. ಕೊನೆಗೆ ಉಳಿದದ್ದು ಒಂದೇ ಒಂದು.

ಅಲ್ಲಿಗೆ ಎಲ್ಲ ನಿಂತಿತು. ಆಸೆಬುರುಕರು ಎನಿಸಿಕೊಳ್ಳುವ ನಾಚಿಕೆಗೆ ಆ ಊರಿನಲ್ಲಿ ಕೊನೆಯ ತುಂಡನ್ನು ಯಾರೂ ತೆಗೆದುಕೊಳ್ಳುವುದಿಲ್ಲ.

"ಅರ್ಧ ಸಾಕಪ್ಪ ನಂಗೆ," ಎಂದು ಪಾದ್ರಿಗಳು ಕತ್ತರಿಸಿಕೊಂಡರು.

"ಅದರಲ್ಲಿ ಅರ್ಧ," ಎಂದ ಹಾಲ್ವರ್.

ಅದರ ಅರ್ಧ, ಅದರದೂ ಅರ್ಧ. ಕೊನೆಗೆ ತಟ್ಟೆಯಲ್ಲಿ ಒಂದು ಒಣದ್ರಾಕ್ಷಿಗೆ ಒರಗಿ ಕಾಗದದಷ್ಟು ತೆಳ್ಳಗಿನ ಚೂರೊಂದು ನಿಂತಿತ್ತು.

"ಯಾರಾದ್ರೂ ತಗೊಳ್ರಪ್ಪ!" ಓರ್ವಿಲ್ ಅಂಗಲಾಚಿದ.

"ಅಯ್ಯೋ, ಬೇರೆಯವರಿಗಿರಲಿ," ಎಂದಿತು ಇಡೀ ಮೇಜು.

ಗುಡ್ರನ್ ಏಪ್ರನ್ ಹಿಡಿದುಕೊಂಡು ಅವನತ್ತ ಹೊರಟೇಬಿಟ್ಟಳು. ಅಷ್ಟರಲ್ಲಿ ಹಿಂದಿನಿಂದ ಒಂದು ಒದ್ದೆ ಕೈ ಬಂದು ಆ ಚೂರನ್ನೆತ್ತಿ ಬಾಯಿಗೆ ಹಾಕಿಕೊಂಡಿತು. ಲವಾನ್!

"ತಟ್ಟೆ ತೊಳೀಬೇಕಲ್ಲ," ಎಂದಳು ಬೆರಳು ನೆಕ್ಕುತ್ತ. "ಆಹಾ, ಎಷ್ಟು ಚೆನ್ನಾಗಿದೆ!"

"ಖಾಲಿ!" ಗುಡ್ರನ್ ಸೌಟು ಬಡಿದಳು. "ಓರ್ವಿಲ್‌ಗೆ ಬಿಡುಗಡೆ! ಇನ್ನು ಪ್ರತಿ ವರ್ಷ ಪೈ ಇವನದೇ!"

ಜನ ಚಪ್ಪಾಳೆ ತಟ್ಟಿದರು. ಓರ್ವಿಲ್ ಮಾತ್ರ ಲವಾನ್‌ಳ ಮೇಲಕ್ಕೆ ಮಡಚಿದ ಅಂಗಿತೋಳು, ಸೊಂಟದ ಏಪ್ರನ್, ಮೊಣಕೈಯ ಸೋಪಿನ ನೊರೆ ನೋಡುತ್ತ ನಿಂತ.

"ನೀವು... ತೊಟ್ಟಿ ಹತ್ರ?"

"ಹೂಂ, ನಾನೇ ಕೇಳಿ ಹೆಸರು ಕೊಟ್ಟೆ," ಲವಾನ್ ದನಿ ತಗ್ಗಿಸಿದಳು. "ಪ್ರತಿ ವರ್ಷ ನೀವೊಬ್ಬರೇ ತೊಳೀತಿದ್ರಿ. ತೊಳೀತಾ ನಾಲ್ಕು ಮಾತಾಡಬಹುದು ಅಂದ್ಕೊಂಡಿದ್ದೆ. ಇರಲಿ ಬಿಡಿ, ಗೆದ್ದಿರಲ್ಲ."

"ಬಂದೆ, ಈಗಲೇ ಬಂದೆ!"

ಗುಡ್ರನ್ ಸೌಟನ್ನು ಅಡ್ಡ ಹಿಡಿದಳು. "ಪೈ ಮಾಡ್ದೋರು ಒಳಗೆ ಬರೋ ಹಾಗಿಲ್ಲ."

"ಒರೆಸೋಕೆ ಒಬ್ಬರು ಬೇಕಲ್ವಾ?" ಎನ್ನುತ್ತ ಹಾಲ್ವರ್ ಹೆಗಲಿಗೆ ಬಟ್ಟೆ ಹಾಕಿಕೊಂಡು ಒಳಗೆ ನುಗ್ಗಿದ.

ಓರ್ವಿಲ್ ಪಿಯಾನೋ ಪಕ್ಕದ ಮೇಜಿನಲ್ಲಿ ಕೂತ. ಪಕ್ಕದ ಕುರ್ಚಿ ಖಾಲಿ. ಊಟ ಬಡಿಸುವ ಕಿಂಡಿಯಿಂದ ನೀರಿನ ಸದ್ದು, ಲವಾನ್‌ಳ ನಗು ತೇಲಿಬಂದವು. ಹಾಲ್ವರ್‌ನ ಎಂಜಲು ತಟ್ಟೆ ಅವನೆದುರೇ ಇತ್ತು. ಅದನ್ನೆತ್ತಿಕೊಂಡು ಮೆಲ್ಲಗೆ ಅಡುಗೆಮನೆಯತ್ತ ಎರಡು ಹೆಜ್ಜೆ ಹಾಕಿದ.

"ಕೂತ್ಕೋ!" ಎಂದಳು ಗುಡ್ರನ್.