ಉತ್ತರಕ್ಕೆ ಟೇಲರ್ ಮನೆ

ನಮ್ಮ ಕಾಕಾನಿಗೆ ಎಡ ಯಾವುದು, ಬಲ ಯಾವುದು ಗೊತ್ತಿಲ್ಲ. ವಯಸ್ಸಾಗಿ ಮರೆತದ್ದಲ್ಲ, ಮೊದಲಿನಿಂದಲೂ ಹಾಗೇ! ಎಪ್ಪತ್ತು ದಾಟಿದರೂ ಕಣ್ಣು ಚುರುಕು, ಕಿವಿ ಚುರುಕು, ನಾಲಿಗೆಯ ಮಾತಂತೂ ಕೇಳಲೇಬೇಡಿ. ಆದರೆ ರಾಣೆಬೆನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ದಾರಿ ಕೇಳಿದರೆ "ಎಡಕ್ಕ ಹೊಳ್ಳರಿ" ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿರಲಿಲ್ಲ. "ಪೂರ್ವಕ್ಕ ಔಷಧದ ಅಂಗಡಿ, ಪಶ್ಚಿಮಕ್ಕ ಖುಲ್ಲಾ ಜಾಗ, ದಕ್ಷಿಣಕ್ಕ ಗಟಾರ, ಉತ್ತರಕ್ಕ ಸರ್ಕಾರಿ ರಸ್ತೆ. ಈ ನಾಲ್ಕರ ನಡುವ ಏನೈತಿ, ಅದ ನೀವು ಕೇಳಿದ ಲಾಡ್ಜು!" ಕೇಳಿದವನು ಪಾಪ, ಲಾಡ್ಜನ್ನು ಕೊಳ್ಳಲು ಬಂದವನೇ? ಬ್ಯಾಗಿಟ್ಟು ಮುಖ ತೊಳೆಯಲು ಬಂದವನು.

ತಪ್ಪು ಕಾಕಾನದಲ್ಲ, ಕಸುಬಿನದು. ಅವರು ಬಾಂಡ್ ರೈಟರ್. ನೋಂದಣಿ ಕಚೇರಿಯ ಮುಂದೆ ಮೇಜು ಹಾಕಿಕೊಂಡು ಮೂವತ್ತೈದು ವರ್ಷ ಜನರ ಮನೆ, ಹೊಲದ ಖರೇದಿ ಪತ್ರ ಬರೆದವರು. ಖರೇದಿ ಪತ್ರ ಎಂದಮೇಲೆ ಚಕ್ಕುಬಂದಿ ಬೇಕೇ ಬೇಕು. ಅಂದರೆ ಆಸ್ತಿಯ ನಾಲ್ಕು ದಿಕ್ಕಿಗೆ ಯಾರಿದ್ದಾರೆ, ಏನಿದೆ ಎಂಬ ವಿವರ. ಅದನ್ನು ಬರೆದೂ ಬರೆದೂ ಕಾಕಾ ಊಟಕ್ಕೆ ಕುಳಿತರೂ "ರೊಟ್ಟಿ ಪಶ್ಚಿಮಕ್ಕ ಒಂದೀಟು ಶೇಂಗಾ ಚಟ್ನಿ ಹಾಕು" ಎನ್ನುತ್ತಾರೆ. ಅವರ ಹೆಂಡತಿ, ನಮ್ಮ ಕಾಕು, ಮರುಮಾತಿಲ್ಲದೆ ಹಾಕುತ್ತಾರೆ. ಕೋಪ ಬಂದ ದಿನ ಮಾತ್ರ ಬೇಕೆಂದೇ ಪೂರ್ವಕ್ಕೆ ಹಾಕುತ್ತಾರೆ!

ಒಮ್ಮೆ ಹೊಟ್ಟೆನೋವು ಬಂತು. ಡಾಕ್ಟರು "ನೋವು ಎಲ್ಲಿ ಐತ್ರಿ?" ಎಂದು ಕೇಳಿದರು.

"ಹೊಕ್ಕಳದ ಪೂರ್ವಕ್ಕ, ಎರಡು ಬಟ್ಟು ದೂರ."

"ಅಂದ್ರ?"

"ಈಗ ಉತ್ತರಕ್ಕ ಮಾರಿ ಮಾಡೇನಲ್ರಿ, ಅದಕ್ಕ ಪೂರ್ವಕ್ಕ. ಹೊಳ್ಳಿ ನಿಂತ್ರ ಅದೂ ಪಶ್ಚಿಮಕ್ಕ ಹೋಗತೈತಿ."

ಡಾಕ್ಟರು ಪೆನ್ನು ತೆಗೆದರು. "ಹಿಂಗ ಓಡಾಡೋ ನೋವು ಅಂದ್ರ ಗ್ಯಾಸ್ ಐತ್ರಿ" ಎಂದು ಗುಳಿಗೆ ಬರೆದೇಬಿಟ್ಟರು.

ನನ್ನ ಮದುವೆಗೆ ಹೆಣ್ಣು ನೋಡಲು ಬ್ಯಾಡಗಿಗೆ ಮೊದಲು ಹೋಗಿಬಂದವರೂ ಕಾಕಾನೇ. ಬಾಗಿಲಲ್ಲೇ ನನ್ನ ಅವ್ವ "ಹೆಂಗದಾಳ ಹುಡುಗಿ?" ಎಂದು ಕೇಳಿದಳು. ಕಾಕಾ ಟೋಪಿ ತೆಗೆದು ಕುಳಿತು, "ಪೂರ್ವಕ್ಕ ಮೆಣಸಿನಕಾಯಿ ಗೋದಾಮು, ಪಶ್ಚಿಮಕ್ಕ ಅವರ ದೊಡ್ಡಪ್ಪನ ಮನಿ, ದಕ್ಷಿಣಕ್ಕ ರಸ್ತೆ, ಉತ್ತರಕ್ಕ ಬಾವಿ. ಯಾವ ತಂಟೆ ತಕರಾರೂ ಇಲ್ಲ, ಕಣ್ಣು ಮುಚ್ಚಿ ಮಾಡ್ಕೋರಿ" ಎಂದರು. ಗೋದಾಮಿನ ಘಾಟಿಗೆ ಅವರ ಕಣ್ಣು ಅಲ್ಲಿದ್ದಷ್ಟೂ ಹೊತ್ತು ಮುಚ್ಚಿಯೇ ಇತ್ತಂತೆ! ಹುಡುಗಿಯನ್ನು ನೋಡಿದ್ದರೋ ಇಲ್ಲವೋ ಇಂದಿಗೂ ಅನುಮಾನ. ಮದುವೆಯಾಗಿ ಹನ್ನೆರಡು ವರ್ಷವಾಯಿತು. ಕಾಕಾ ಹೇಳಿದ್ದರಲ್ಲಿ ಗೋದಾಮು, ಬಾವಿ ಎಲ್ಲ ಸರಿಯಾಗಿವೆ, ತಕರಾರಿಲ್ಲ ಎಂದದ್ದು ಮಾತ್ರ ತಪ್ಪು.

ಇಂಥ ಕಾಕಾನ ಕಣ್ಣಿಗೆ ಊರಿನ ವಾರ್ಡುಗಳ ಗಡಿ ಬದಲಿಸುವ ಕರಡು ಪ್ರಕಟಣೆ ಬಿದ್ದರೆ ಏನಾಗಬೇಡ? ಒಂದೊಂದು ವಾರ್ಡಿಗೂ ಉತ್ತರಕ್ಕೆ ಇಂಥದ್ದು, ದಕ್ಷಿಣಕ್ಕೆ ಇಂಥದ್ದು ಎಂದು ಪುಟಗಟ್ಟಲೆ ಚಕ್ಕುಬಂದಿ! ಕೆಳಗೆ "ಸಾರ್ವಜನಿಕರಿಂದ ಆಕ್ಷೇಪಣೆಗಳನ್ನು ಆಹ್ವಾನಿಸಲಾಗಿದೆ" ಎಂಬ ಸಾಲು ಬೇರೆ. ಕಾಕಾ ಇಸ್ತ್ರಿ ಅಂಗಿ ತೊಟ್ಟು ಅದರ ನಕಲು ತರಲು ನಗರಸಭೆಗೆ ಹೊರಟರು.

"ಮದುವಿಗೆ ಕರದ್ರ ಮೊಣಕಾಲು ನೋವು ಅಂತೀರಿ, ಇದಕ್ಕ ಹೆಂಗ ಓಡತೀರಿ?" ಎಂದರು ಕಾಕು.

"ಅಲ್ಲಿ ಬರೇ ಊಟಕ್ಕ ಕರೀತಾರ. ಇಲ್ಲಿ ತಕರಾರಿಗೇ ಕರದಾರ!"

ಪ್ರಕಟಣೆಯ ನಕಲು ತಂದು ಎದುರು ಮನೆಯ ಕಟ್ಟೆಯ ಮೇಲೆ ಕುಳಿತು ಜೋರಾಗಿ ಓದತೊಡಗಿದರು. ಆ ಎದುರು ಮನೆ ಟೇಲರ್ ಚಾಚಾನದು. ಊರಿನ ಅರ್ಧ ಗಂಡಸರಿಗೆ ಮದುವೆಯ ಸೂಟು ಹೊಲಿದ ಚಾಚಾನಿಗೆ ಆರೇಳು ವರ್ಷದಿಂದ ಎರಡೂ ಕಣ್ಣು ಕಾಣುವುದಿಲ್ಲ. ದಿನಾ ಬೆಳಿಗ್ಗೆ ಕಾಕಾ ಪೇಪರ್ ಓದಬೇಕು, ಚಾಚಾ ಕೇಳಬೇಕು, ಆಮೇಲೆ ಇಬ್ಬರೂ ಜಗಳಾಡಬೇಕು. ಯಾಕೆಂದರೆ ಇವರ ಪಕ್ಷ ಒಂದು, ಅವರ ಪಕ್ಷ ಇನ್ನೊಂದು.

"ಪಶ್ಚಿಮಕ್ಕ ಹಿಟ್ಟಿನ ಗಿರಣಿ ಅಂತ ಬರದಾರ. ಗಿರಣಿ ಎಲ್ಲೈತಿ? ಅದು ಜಿಮ್ ಆಗಿ ವರ್ಷಾತು!" ಎಂದರು ಕಾಕಾ.

"ಬೀಸೂದು ನಿಂತಿಲ್ಲ ಬಿಡೋ ರೈಟರ್. ಆಗ ಜ್ವಾಳ ಬೀಸತಿದ್ರು, ಈಗ ಮಂದಿನ್ನ ಬೀಸತಾರ."

ನಗುತ್ತ ಮುಂದೆ ಓದಿದ ಕಾಕಾ ಒಮ್ಮೆಲೇ ನಿಂತುಬಿಟ್ಟರು. ಹೊಸ ಗಡಿ ನಮ್ಮ ಓಣಿಯ ನಟ್ಟನಡುವೆ ಹಾದುಹೋಗಿತ್ತು. ಕಾಕಾನ ಮನೆ ಹದಿನಾಲ್ಕನೇ ವಾರ್ಡು, ಚಾಚಾನ ಮನೆ ಹದಿನೈದು!

"ಹೋಗಲಿ ಬಿಡ್ರಿ, ಜಗಳಾನರ ನಿಲ್ಲತೈತಿ" ಎಂದು ನಾನು ತಮಾಷೆ ಮಾಡಿದೆ. ಕಾಕಾ ನಗಲಿಲ್ಲ. ಆಗ ನನಗೆ ನೆನಪಾಯಿತು. ಕಣ್ಣು ಹೋದಮೇಲೆ ಪ್ರತಿ ಚುನಾವಣೆಗೂ ಚಾಚಾನ ಕೈ ಹಿಡಿದು ಬೂತಿನೊಳಗೆ ಹೋಗಿ, ಅವರ ಪರವಾಗಿ ಬಟನ್ ಒತ್ತುವವರು ಕಾಕಾನೇ. ಅದೂ ತಾವು ದಿನಾ ಬೈಯುವ ಪಕ್ಷಕ್ಕೆ! ಯಾರ ಓಟು ಯಾರಿಗೆ ಎಂಬ ಗುಟ್ಟು ಕಾಯುತ್ತೇನೆಂದು ಒಳಗೆ ಸಹಿಯನ್ನೂ ಹಾಕುತ್ತಾರೆ. ಗುಟ್ಟೇನು ಬಂತು, ಮಣ್ಣು! ಓಣಿಯ ನಾಯಿಗೂ ಗೊತ್ತು.

"ಬ್ಯಾರೆ ವಾರ್ಡಿನವನ್ನ ಅಲ್ಲಿ ಒಳಗ ಬಿಡತಾರೇನು? ಏಜೆಂಟರು ಗದ್ದಲ ಮಾಡತಾರ" ಎಂದರು ಕಾಕಾ ಸಣ್ಣ ದನಿಯಲ್ಲಿ. "ಮುಂದಿನ ಸಲ ಇಂವನ ಬಟನ್ ಯಾರು ಒತ್ತಬೇಕು?"

ಆ ರಾತ್ರಿಯೇ ಹನ್ನೊಂದು ಪುಟದ ಆಕ್ಷೇಪಣೆ ಸಿದ್ಧವಾಯಿತು. ಆಧಾರಕ್ಕೆ ತಮ್ಮ ಮನೆಯ ಖರೇದಿ ಪತ್ರದ ನಕಲನ್ನೂ ಲಗತ್ತಿಸಿದರು. ವಿಚಾರಣೆಯ ದಿನ ಕಾಕಾ, ಚಾಚಾ, ನಾನು ಮೂವರೂ ಬಸ್ಸಿನಲ್ಲಿ ಹಾವೇರಿಗೆ ಹೋದೆವು. ಕಚೇರಿಯ ಮಹಡಿಯ ಮೇಲೆ ಜನವೋ ಜನ. ಬಯಲುಸೀಮೆಯ ಆ ತುದಿಯಿಂದ ಬಂದ ಅಧಿಕಾರಿ ಹೆಣ್ಣುಮಗಳು, ತಾಳ್ಮೆಯವರು. ಕಾಕಾ ಗಿರಣಿ, ಜಿಮ್ಮು, ಬಿದ್ದುಹೋದ ಹುಣಸೆಮರ ಎಲ್ಲವನ್ನೂ ದಿಕ್ಕುವಾರು ಒಪ್ಪಿಸಿದರು, ಜೊತೆಗೆ ಚಾಚಾನ ಬಟನ್ನಿನ ಚಿಂತೆಯನ್ನೂ, ತಮ್ಮಿಬ್ಬರ ಪಕ್ಷ ಬೇರೆ ಎಂಬುದನ್ನೂ ಹೇಳಿದರು. ಅಧಿಕಾರಿ ಎಲ್ಲ ಕೇಳಿ, ಕೊನೆಗೆ ಖರೇದಿ ಪತ್ರದ ಮೇಲೆ ಬೆರಳಿಟ್ಟರು.

"ಯಜಮಾನ್ರೇ, ಇದನ್ನ ಬರೆದವರು ಯಾರು?"

"ನಾನರಿ!" ಎಂದರು ಕಾಕಾ ಎದೆಯುಬ್ಬಿಸಿ.

"ಉತ್ತರಕ್ಕೆ ಟೇಲರ್ ಮನೆ ಅಂತ ಬರೆದಿದ್ದೀರಲ್ಲ. ನಡುವೆ ರಸ್ತೆ ಇದೆ. ಉತ್ತರಕ್ಕೆ ರಸ್ತೆ ಅಂತ ಬರೀಬೇಕಿತ್ತು ತಾನೇ?"

ಸಭೆ ಗೊಳ್ಳೆಂದಿತು. ಊರಿನವರ ತಪ್ಪನ್ನೆಲ್ಲ ಹೆಕ್ಕುವ ಕಾಕಾ, ತಮ್ಮ ಸ್ವಂತ ಮನೆಯ ಚಕ್ಕುಬಂದಿಯನ್ನೇ ತಪ್ಪಾಗಿ ಬರೆದಿದ್ದರು! ಅವರು ಕಾಗದವನ್ನು ಕಣ್ಣ ಹತ್ತಿರ ಹಿಡಿದರು, ದೂರ ಹಿಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಖರೇ ಐತ್ರಿ ಮೇಡಮ್ಮರ. ದಿನಾ ಹತ್ತು ಸಲ ದಾಟತೇನಿ. ನಡುವ ರಸ್ತೆ ಐತಿ ಅಂತ ಅನಿಸಿದ್ದ ಇಲ್ರಿ."

ನಗು ನಿಂತಿತು. ಅಧಿಕಾರಿ ಚಾಚಾನ ಕಡೆ ತಿರುಗಿದರು. "ಬಟನ್ ಒತ್ತೋಕೆ ಮನೆಯವರು ಇದ್ದಾರಲ್ಲ? ಇವರು ನಿಮ್ಮ ವಿರೋಧ ಪಕ್ಷದವರಂತೆ. ನಿಮಗೆ ಬೇಕಾದ್ದನ್ನೇ ಒತ್ತುತ್ತಾರೆ ಅಂತ ಹೇಗೆ ನಂಬ್ತೀರಿ?"

ಚಾಚಾ ನಕ್ಕರು. "ಮನಿಯವರು ಸುಮ್ಮನ ಒತ್ತತಾರ್ರಿ. ಯಾವದಕ್ಕ ಒತ್ತಿದ್ರೋ ಅಲ್ಲಾನ ಬಲ್ಲ! ಇಂವ ನನ್ನ ಪಾರ್ಟಿನ್ನ ಬಾಯಿಗೆ ಬಂದಂಗ ಬೈಕೋತ ಒತ್ತತಾನ. ಆ ಬೈಗುಳ ಕೇಳಿದ ಮ್ಯಾಲ ನನಗ ಖಾತ್ರಿ, ಓಟು ನನ್ನದಕ್ಕ ಬಿತ್ತು ಅಂತ."

ಅಧಿಕಾರಿ ತಲೆ ತಗ್ಗಿಸಿ ನಕ್ಷೆಯ ಮೇಲೆ ಪೆನ್ಸಿಲಿನಿಂದ ಏನೋ ಗುರುತು ಮಾಡಿಕೊಂಡರು. ಅಂತಿಮ ಪ್ರಕಟಣೆಯಲ್ಲಿ ಗಡಿ ಹಿಂದಿನ ಓಣಿಗೆ ಸರಿದು, ನಮ್ಮ ಓಣಿಯ ಎರಡೂ ಬದಿ ಹದಿನಾಲ್ಕಕ್ಕೇ ಸೇರಿತು. ಆದರೆ ಅದು ಆಮೇಲಿನ ಮಾತು. ಆ ದಿನ ಏನಾಗುತ್ತದೋ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಹೊರಗೆ ಬಂದೆವು. ನಾನು ಚಪ್ಪಲಿ ಹುಡುಕುತ್ತ ಹಿಂದೆ ಉಳಿದೆ. ಕಾಕಾ ಚಾಚಾನ ಕೈ ಹಿಡಿದು ಮೆಟ್ಟಿಲು ಇಳಿಯತೊಡಗಿದ್ದರು. ನಾನು ಹತ್ತಿರದಲ್ಲಿಲ್ಲ ಎಂದುಕೊಂಡಿರಬೇಕು.

"ಬಲಕ್ಕ ಕಂಬಿ ಐತಿ, ಹಿಡಕೊ ದೋಸ್ತ. ಈಗ ಎಡಗಾಲು ಇಡು. ಹಾಂ. ಇನ್ನೊಂದು ಮೆಟ್ಟಲ. ಈಗ ಬಲಗಾಲು."

ನಾನು ಚಪ್ಪಲಿ ಕೈಯಲ್ಲಿ ಹಿಡಿದು ಅಲ್ಲೇ ನಿಂತೆ. ಕಣ್ಣು ಕಾಣದವನಿಗೆ ಪೂರ್ವ ಎಲ್ಲಿ, ಪಶ್ಚಿಮ ಎಲ್ಲಿ? ಕಾಕಾನಿಗೆ ಎಡ ಬಲ ಚೆನ್ನಾಗಿಯೇ ಗೊತ್ತಿತ್ತು. ಅದನ್ನು ಅವರು ಒಬ್ಬನಿಗಾಗಿ ಮಾತ್ರ ತೆಗೆದಿಟ್ಟಿದ್ದರು.