ಅಳತೆ ಸರಿ, ಅಕ್ಷರ ತಪ್ಪು

ಅಂಕಿ ತಪ್ಪಿದರೆ ಯಾರಾದರೂ ಹಿಡಿಯುತ್ತಾರೆ. ಅಂಕಿಯ ಪಕ್ಕದ ಅಕ್ಷರ ತಪ್ಪಿದರೆ ನನ್ನ ಫೋನು ಬಡಿದುಕೊಳ್ಳುತ್ತದೆ. ಹೊಸೂರು ಸುತ್ತಲಿನ ಲ್ಯಾಬುಗಳು ಕಳಿಸುವ ಅಂಕಿಗಳಿಗೆ, ಯಾವ ದೇಶದ ಕಂಪ್ಯೂಟರಾದರೂ ಓದಬಲ್ಲ ಅಳತೆಯ ಸಂಕೇತ ಹಾಕಿ ಸಂಶೋಧಕರಿಗೆ ಮುಟ್ಟಿಸುವುದು ನನ್ನ ಕೆಲಸ. ಕಂಪ್ಯೂಟರು ಬರೆದದ್ದನ್ನು ಓದುತ್ತದೆ, ಬರೆದವರ ಮನಸ್ಸನ್ನಲ್ಲ.

ಉಪ್ಪು

ಮೂಕಂಡಪಲ್ಲಿಯ ಲ್ಯಾಬಿನ ಟ್ಯಾಬ್ಲೆಟ್ಟು ಮೊದಲ ಅಕ್ಷರವನ್ನು ತಾನಾಗಿಯೇ ದೊಡ್ಡದು ಮಾಡುತ್ತಿತ್ತು. ‘ಜಿ’ಯ ಮುಂದೆ ಸಣ್ಣ ‘ಎಂ’ ಹಾಕಿದರೆ ಮಿಲಿಗ್ರಾಂ. ದೊಡ್ಡದು ಹಾಕಿದರೆ ಮೆಗಾಗ್ರಾಂ, ಅಂದರೆ ಟನ್ನು. ಒಬ್ಬ ರೈತರ ಬೋರ್‌ವೆಲ್ ನೀರಿನಲ್ಲಿ ಲೀಟರಿಗೆ ಇನ್ನೂರು ಟನ್ ಉಪ್ಪಿದೆ ಎಂದು ಅವರಿಗೂ ವರದಿ ಹೋಯಿತು. ತಪ್ಪಾಗಿದೆ ಎಂದು ಹೇಳಲು ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮುಂಚೆಯೇ ಅವರು ಸಮಾಧಾನವಾಗಿ ಕೇಳಿದರು:

“ಟೊಮೇಟೊ ಕಿತ್ತಾಕ್ಬುಟ್ಟು ಉಪ್ಪಿನ ಅಂಗ್ಡಿ ಮಡಗ್ತೀನಿ. ಲೈಸೆನ್ಸು ನೀವೇ ಕೊಡ್ತೀರಾ?”

ಗುಲಾಬಿ

ಬೇರಿಕೆ ಹತ್ತಿರ ಒಂದು ಗುಲಾಬಿ ಪಾಲಿಹೌಸ್. ಓನರು ಒಳಗಿನ ಉಷ್ಣತೆಗೆ, ಸೆಲ್ಸಿಯಸ್ ಎಂದುಕೊಂಡು, ಬರೀ ‘ಸಿ’ ಎಂದು ಹಾಕಿದರು. ನಮ್ಮ ಸಂಕೇತದಲ್ಲಿ ‘ಸಿ’ ಅಂದರೆ ವಿದ್ಯುತ್ತಿನ ಅಳತೆ. ನಿಮ್ಮ ಪಾಲಿಹೌಸಿನಲ್ಲಿ ಇಷ್ಟೊಂದು ವಿದ್ಯುತ್ತು ಎಲ್ಲಿಂದ ಬಂತು ಎಂದು ವಿದೇಶದಿಂದ ಪ್ರಶ್ನೆ ಬಂತು. ಸುದ್ದಿ ಕೇಳಿ ಹೂ ಕೀಳುವ ಹೆಂಗಸರು ಹೊರಗೇ ಕುಳಿತರು. ಮೊಗ್ಗು ಅರಳಿಬಿಟ್ಟರೆ ಮಾರ್ಕೆಟ್ಟಿನಲ್ಲಿ ಕೇಳುವವರಿಲ್ಲ. ನಾನೇ ಹೋಗಿ, ಬರಿಗಾಲಲ್ಲಿ ಒಳಗೆಲ್ಲ ಓಡಾಡಿ ತೋರಿಸಿದೆ. ಓನರು ಹೋಗಿ ಬಂದರೆ ನಂಬುತ್ತೇವೆ ಎಂದರು ಹೆಂಗಸರು. ಬೆಳಗಿನಿಂದ ಎಲ್ಲರಿಗೂ ಧೈರ್ಯ ಹೇಳುತ್ತಿದ್ದ ಓನರು, ಚಪ್ಪಲಿ ಬಿಟ್ಟು ರಬ್ಬರ್ ಬೂಟು ಹಾಕಿಕೊಂಡು ಬಂದರು.

ವಯಸ್ಸು

ಅವಲಪಲ್ಲಿಯ ಒಬ್ಬ ಹಿರಿಯರು ಸುಸ್ತು ಎಂದು ಪರೀಕ್ಷೆಗೆ ರಕ್ತ ಕೊಟ್ಟರು. ವಯಸ್ಸು ಎಪ್ಪತ್ತೆರಡು. ವರ್ಷಕ್ಕೆ ನಮ್ಮ ಸಂಕೇತ ‘ಎ’. ಹೊಸದಾಗಿ ಸೇರಿದ್ದ ನರ್ಸು ‘ವೈ’ ಹುಡುಕಿ, ಸಿಗದೆ, ‘ಡಿ’ ಅಂದರೆ ಡೇಟ್ ಆಫ್ ಬರ್ತ್ ಇರಬೇಕೆಂದು ಅದನ್ನೇ ಒತ್ತಿದರು. ‘ಡಿ’ ಅಂದರೆ ದಿನ. ಎಪ್ಪತ್ತೆರಡು ದಿನದ ಕೂಸೆಂದು ತಿಳಿದ ಕಂಪ್ಯೂಟರು, ಆರು ತಿಂಗಳು ತುಂಬುವವರೆಗೆ ತಾಯಿ ಹಾಲು ಬಿಟ್ಟು ಬೇರೇನೂ ಕೊಡಬೇಡಿ ಎಂದು ಮನೆಗೆ ಸಂದೇಶ ಕಳಿಸಿತು.

ಕ್ಷಮೆ ಕೇಳಲು ಅವರ ಮನೆಗೆ ಹೋದೆ. ಹಿರಿಯರು ಗೋಡೆ ನೋಡುತ್ತಾ ಕುಳಿತಿದ್ದರು. ಅವರ ಹೆಂಡತಿಗೆ ಮಾತ್ರ ಕೋಪವೇ ಇರಲಿಲ್ಲ. ಚೀಲಕ್ಕೆ ಗಂಡನ ಪಂಚೆ, ಟವೆಲ್ ತುಂಬುತ್ತಿದ್ದರು.

“ಮದ್ವೆಯಾದಾಗಿಂದ ಮುದ್ದೆ ಗಟ್ಟಿ, ಸಾರು ಸಪ್ಪೆ ಅಂತ ಒಂದೇ ರಾಗ. ನಿಮ್ ಕಂಪ್ಯೂಟರ್ರೇ ಸರಿಯಾಗಿ ಹೇಳೈತೆ. ಇವ್ರಮ್ಮ ಡೆಂಕಣಿಕೋಟೇಲಿ ಇನ್ನೂ ಗಟ್ಟಿಮುಟ್ಟಾಗವ್ರೆ. ಸಾಯಂಕಾಲದ ಬಸ್ಸಿಗೆ ಕಳಿಸ್ಬುಡ್ತೀನಿ.”