ಕುರ್ಚಿ ಒಂಟಿತನದ ಸಂಕೇತ

ಅವತ್ತು ಮೊದಲನೇ ಪಿರಿಯಡ್ಡಿನಲ್ಲಿ ಇಂಗ್ಲಿಷ್ ಮೇಷ್ಟ್ರು "ನಿಮಗೆ ಏನನ್ನಿಸ್ತೋ ಅದನ್ನೇ ಬರೀರಿ" ಅಂತ ಒಂದು ಮಾತು ಹೇಳದೆ ಇದ್ದಿದ್ದರೆ, ಸಂಜೆ ಹೊತ್ತಿಗೆ ಅವರ ಮುಖ ಅಷ್ಟು ಸಣ್ಣದಾಗುತ್ತಿರಲಿಲ್ಲ. ಪಾಪ, ಹೇಳಿಬಿಟ್ಟರು.

ಹೇಳಿದ್ದು ಹತ್ತನೇ ತರಗತಿಗೆ. ಮಧ್ಯಾಹ್ನ ಇನ್‌ಸ್ಪೆಕ್ಟರ್ ಸಾಹೇಬರು ಬರುವವರಿದ್ದರು. ಮಕ್ಕಳು ಹಿಂದೆಂದೂ ನೋಡಿರದ ಒಂದು ಇಂಗ್ಲಿಷ್ ಕತೆ ಕೊಟ್ಟು, ಅದರ ಮೇಲೆ ಸಾಹಿತ್ಯ ಪ್ರಬಂಧ ಬರೆಸಿ, ಅಲ್ಲೇ ಕೂತು ಓದುತ್ತಾರಂತೆ. ಹಿಡಿಸಿದರೆ ಆ ಮಕ್ಕಳಿಗೆ ಕಲಿಸಿದವರನ್ನು ಶಿಕ್ಷಕರ ತರಬೇತಿ ಕೇಂದ್ರಕ್ಕೆ ಕರೆದುಕೊಳ್ಳುತ್ತಾರಂತೆ. ಆ ಕೇಂದ್ರಕ್ಕೆ ಹೋಗಬೇಕೆಂಬುದು ನಮ್ಮ ಮೇಷ್ಟ್ರ ಬಹಳ ವರ್ಷಗಳ ಆಸೆ. ಅಲ್ಲಿ ಗಂಟೆ ಹೊಡೆಯಿತು ಅಂತ ಕತೆಯನ್ನು ಅರ್ಧಕ್ಕೆ ಬಿಡಬೇಕಾಗಿಲ್ಲ. ಮಕ್ಕಳ ಬಾಯಿ ಹೇಗೆ ಬಿಡಿಸಬೇಕು ಅಂತ ನಾಲ್ಕು ಜನ ಮೇಷ್ಟ್ರುಗಳಿಗೆ ಹೇಳಿಕೊಡಬಹುದು. ಇದನ್ನು ಅವರು ಹೆಂಡತಿಯ ಹತ್ತಿರ ಎಷ್ಟು ಸಲ ಹೇಳಿದ್ದರೆಂದರೆ, ಆಕೆ ನಿದ್ದೆಯಲ್ಲೂ "ಹೂಂ, ಹೋಗೋಣ" ಅನ್ನುತ್ತಿದ್ದರು.

ಅಭ್ಯಾಸಕ್ಕೆಂದು ಬಸ್ಸಿಗೆ ಕಾಯುವ ಮುದುಕಿಯೊಬ್ಬಳ ಕತೆ ಓದಿ ಮುಗಿಸಿ ಮೇಷ್ಟ್ರು ಆ ಮಾತು ಹೇಳಿದರು. ತರಗತಿ ಮಿಕಿಮಿಕಿ ನೋಡಿತು. ಕೊನೇ ಬೆಂಚಿನಲ್ಲಿ ಮಾತ್ರ ಒಂದು ಕೈ ಎದ್ದಿತು. ಎಲ್ಲದಕ್ಕೂ ಯಾಕೆ, ಯಾಕೆ ಅಂತ ಕೇಳುವ ಈ ಹುಡುಗಿಗೆ ಮಕ್ಕಳು ಇಟ್ಟಿದ್ದ ಹೆಸರು ಯಾಕಮ್ಮ.

"ಸಾರ್, ಆ ಮುದುಕಿ ಮೇಲೆ ನಂಗೆ ಕನಿಕರ ಬರ್ಲಿಲ್ಲ. ಸಿಟ್ಟು ಬಂತು."

"ಸಿಟ್ಟಾ? ಹೇಳು, ಹೇಳು."

"ಬಸ್ಸು ಬಂದಾಗೆಲ್ಲ ಹತ್ತದೆ ಬಿಟ್ಟುಬಿಡ್ತಾಳೆ. ಆಮೇಲೆ ಬಸ್ಸೇ ಬರ್ಲಿಲ್ಲ ಅಂತ ಎಲ್ಲರ ಮುಂದೆ ಅಳ್ತಾಳೆ. ನಮ್ಮ ದೊಡ್ಡಮ್ಮನೂ ಹೀಗೇ ಸಾರ್."

ಮೇಷ್ಟ್ರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. "ಭೇಷ್! ಅದನ್ನೇ ಬರಿ," ಅಂದರು. ಹುಡುಗಿಯ ಮುಖ ಅರಳಿತು. ಆದರೆ ಅದೇ ಹೊತ್ತಿಗೆ ವರಾಂಡದಲ್ಲಿ ಹಾದುಹೋಗುತ್ತಿದ್ದ ಗಣಿತದ ಮೇಷ್ಟ್ರ ಕಿವಿಗೆ ಈ ದೊಡ್ಡಮ್ಮ ಬಿದ್ದಳು. ಅವರು ನೇರವಾಗಿ ಹೆಡ್ ಮಾಸ್ಟರ ರೂಮಿಗೆ ನಡೆದರು.

ಪಿರಿಯಡ್ಡು ಮುಗಿಯುವಷ್ಟರಲ್ಲಿ ಇಂಗ್ಲಿಷ್ ಮೇಷ್ಟ್ರಿಗೆ ಕರೆ ಬಂತು.

"ಏನ್ರೀ ಮೇಷ್ಟ್ರೇ, ಅನ್ನಿಸಿದ್ದು ಬರೀರಿ ಅಂದ್ರಂತೆ?" ಹೆಡ್ ಮಾಸ್ಟರು ಆಗಲೇ ಬೆವರುತ್ತಿದ್ದರು. "ಒಬ್ಬೊಬ್ಬರಿಗೆ ಒಂದೊಂದು ಅನ್ನಿಸಿದ್ರೆ ಯಾವುದು ಸರಿ ಅಂತ ಹೇಳೋದು? ಏನೂ ಅನ್ನಿಸದೇ ಇದ್ರೆ? ಸಾಹೇಬ್ರ ಕೈಗೆ ಬಿಳೀ ಹಾಳೆ ಕೊಡೋದಾ?"

"ಅದಕ್ಕೇ ಒಂದು ಸೂತ್ರ ಬೇಕು," ಅಂದರು ಗಣಿತದ ಮೇಷ್ಟ್ರು. ಬೋರ್ಡಿಗೆ ಹೋಗಿ ಬರೆದೂಬಿಟ್ಟರು. "ನೋಡಿ. ಕತೆಯಲ್ಲಿ ಯಾವುದಾದರೂ ಒಂದು ವಸ್ತು ಹಿಡಿ. ಅದು ಒಂಟಿತನದ ಸಂಕೇತ. ಮಧ್ಯದಿಂದ ಎರಡು ಸಾಲು ಎತ್ತಿ ಹಾಕು. ಆದ್ದರಿಂದ ಲೇಖಕರು ಮನುಷ್ಯನ ಒಂಟಿತನವನ್ನು ಮನಮುಟ್ಟುವಂತೆ ಚಿತ್ರಿಸಿದ್ದಾರೆ. ಮುಗೀತು!"

"ಎಲ್ಲ ಕತೆಯಲ್ಲೂ ಒಂಟಿತನ ಇರುತ್ತಾ ಸಾರ್?" ಅಂದರು ಇಂಗ್ಲಿಷ್ ಮೇಷ್ಟ್ರು.

"ಇಲ್ಲದಿದ್ರೆ ಯಾಕ್ರೀ ಒಬ್ಬರೇ ಕೂತು ಕತೆ ಬರೀತಾರೆ?"

ಮೂಲೆಯಲ್ಲಿ ಕೂತಿದ್ದ ಡ್ರಿಲ್ ಮೇಷ್ಟ್ರು ಸೀಟಿ ಸರಿಮಾಡಿಕೊಂಡು ಎದ್ದರು. "ಬಾಯಿಪಾಠ ನನಗೆ ಬಿಡಿ. ಅರ್ಧ ದಿನ ಸಾಕು."

'ಬೇಡ' ಎಂಬ ಮಾತು ಇಂಗ್ಲಿಷ್ ಮೇಷ್ಟ್ರ ಗಂಟಲಿನ ತನಕ ಬಂದಿತ್ತು. ಆದರೆ ಬಾಯಿಂದ ಹೊರಗೆ ಬಂದದ್ದು "ಆಯ್ತು ಸಾರ್." ಇದು ಅವರ ಹಳೇ ಖಾಯಿಲೆ.

ಮೈದಾನದಲ್ಲಿ ಮಕ್ಕಳು ಸಾಲಾಗಿ ನಿಂತರು. ಪೀಂ ಎಂದು ಸೀಟಿ ಊದಿ ಡ್ರಿಲ್ ಮೇಷ್ಟ್ರು "ಛತ್ರಿ!" ಎಂದು ಕೂಗಿದರೆ "ಒಂಟಿತನದ ಸಂಕೇತ ಸಾರ್!" ಎಂದು ಇಡೀ ತರಗತಿ ಒದರುತ್ತಿತ್ತು. ಬಕೆಟ್ಟು, ಬಾಗಿಲು, ಬೆಕ್ಕು, ಎಲ್ಲವೂ ಒಂಟಿಯಾದವು.

"ಬೆಕ್ಕು ಯಾಕೆ ಸಾರ್?" ಎಂದಿತು ಹಿಂದಿನ ಸಾಲಿನಿಂದ ಯಾಕಮ್ಮನ ದನಿ.

"ಯಾಕೆ ಅಂದವರು ಮೈದಾನ ಸುತ್ತಬೇಕಾಗುತ್ತೆ!"

ಅವಳು ಮೈದಾನದ ಅಂಚಿನಲ್ಲಿ ನಿಂತಿದ್ದ ಇಂಗ್ಲಿಷ್ ಮೇಷ್ಟ್ರ ಕಡೆ ತಿರುಗಿದಳು. ಬೆಳಿಗ್ಗೆ ಭೇಷ್ ಅಂದವರು ಅವರೇ ತಾನೇ? ಮೇಷ್ಟ್ರು ಗಡಿಯಾರ ನೋಡಿಕೊಂಡರು. ಕನ್ನಡಕ ಒರೆಸಿಕೊಂಡರು. ಕೊನೆಗೆ "ಸದ್ಯಕ್ಕೆ ಅವರು ಹೇಳಿದ ಹಾಗೇ ಬರಿಯಮ್ಮ," ಅಂದುಬಿಟ್ಟರು. ಅವಳು ತಲೆ ತಗ್ಗಿಸಿ ಎಲ್ಲರ ಜೊತೆ ದನಿಗೂಡಿಸಿದಳು. ಮೇಷ್ಟ್ರಿಗೆ ಅವತ್ತು ಊಟ ಸೇರಲಿಲ್ಲ.

ಸಾಹೇಬರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ಸಣಕಲು ಮನುಷ್ಯ, ಮಾತು ಕಡಿಮೆ. ತಾವೇ ತಂದಿದ್ದ ಕತೆಯ ಪ್ರತಿಗಳನ್ನು ಹಂಚಿಸಿದರು. ಲೇಖಕರ ಹೆಸರು ಇರಲಿಲ್ಲ. ಒಂದು ಮನೆ, ಬಾಗಿಲ ಬಳಿ ಒಂದು ಕುರ್ಚಿ. ಅದರಲ್ಲಿ ಕೂರುತ್ತಿದ್ದ ಅಪ್ಪ ತೀರಿಕೊಂಡಿದ್ದಾರೆ, ಮನೆಯವರೆಲ್ಲ ಅಳುತ್ತಾರೆ. ಇಷ್ಟು ಕತೆ. ಹಂಚಿದ ಮೇಲೆ ಸಾಹೇಬರು ಹೆಡ್ ಮಾಸ್ಟರ ಜೊತೆ ಟೀ ಕುಡಿಯಲು ಹೋದರು.

ಮಕ್ಕಳ ಪೆನ್ನುಗಳು ಓಡತೊಡಗಿದವು. ಕೊನೇ ಬೆಂಚಿನಲ್ಲಿ ಒಂದು ಹಾಳೆ ಮಾತ್ರ ಖಾಲಿ ಇತ್ತು.

"ಬರೀತಿಲ್ವೇನಮ್ಮಾ?"

"ಹುಡುಕ್ತಾ ಇದೀನಿ ಸಾರ್. ನಂಗೆ ಒಂಟಿತನ ಸಿಗ್ತಾ ಇಲ್ಲ."

ಮೇಷ್ಟ್ರು ಬಾಗಿಲ ಕಡೆ ನೋಡಿದರು, ಯಾರೂ ಇರಲಿಲ್ಲ. ಬಗ್ಗಿ, "ಬೆಳಿಗ್ಗೆ ಹೇಳಿದ್ದೇ ಸರಿ. ನಿಂಗೆ ಅನ್ನಿಸಿದ್ದು ಬರಿ," ಅಂತ ಪಿಸುಗುಟ್ಟಿದರು. ಅವಳು ಕತ್ತೆತ್ತದೆ ಬರೆಯಲು ಶುರುಮಾಡಿದಳು. ಇಡೀ ದಿನದಲ್ಲಿ ತಾವು ಮಾಡಿದ ಒಳ್ಳೆಯ ಕೆಲಸ ಇದೊಂದೇ ಅಂತ ಮೇಷ್ಟ್ರಿಗೆ ಸಮಾಧಾನವಾಯಿತು.

ಆ ಸಮಾಧಾನ ಬಹಳ ಹೊತ್ತು ಬಾಳಲಿಲ್ಲ. ಕಿಟಕಿಯಲ್ಲಿ ಹೆಡ್ ಮಾಸ್ಟರ ಮುಖ ಕಾಣಿಸಿತು.

"ಕತೆ ಸಾಹೇಬ್ರದ್ದೇ ಅಂತೆ ಕಣ್ರೀ! ಅವರ ತಂದೆ ಹೋದಾಗ ಬರೆದಿದ್ದಂತೆ. ಯಾವ ಪತ್ರಿಕೆಯವರೂ ಹಾಕ್ಕೊಳ್ಳಲಿಲ್ಲವಂತೆ. ಮಕ್ಕಳಾದ್ರೂ ಏನಂತಾರೋ ನೋಡೋಣ ಅಂತ ತಂದಿದಾರೆ. ಸೂತ್ರ ಕಲಿಸಿದ್ದಕ್ಕೆ ಬಚಾವಾದ್ವಿ!"

ಮೇಷ್ಟ್ರು ಕೊನೇ ಬೆಂಚಿಗೆ ಓಡಿದರು. ಹಾಳೆಯ ಮೊದಲ ಸಾಲು ಕಣ್ಣಿಗೆ ರಾಚಿತು: ಈ ಕತೆ ನನಗೆ ಹಿಡಿಸಲಿಲ್ಲ.

"ಅಯ್ಯೋ, ಕೊಡಮ್ಮ ಇಲ್ಲಿ. ಬೇರೆ ಬರಿ. ಕುರ್ಚಿ, ಕುರ್ಚಿ ಒಂಟಿತನದ..."

"ಈಗ ತಾನೇ ನೀವೇ ಹೇಳಿದ್ರಲ್ಲ ಸಾರ್?"

ಪೀಂ ಎಂದು ಸೀಟಿ ಕೇಳಿಸಿತು. ಹೊತ್ತು ಮುಗಿದಿತ್ತು. ಡ್ರಿಲ್ ಮೇಷ್ಟ್ರು ಬಿರುಗಾಳಿಯಂತೆ ಹಾಳೆ ಕೂಡಿಸುತ್ತಾ ಬಂದರು.

"ಇದೊಂದು ಇರ್ಲಿ ಸಾರ್, ಮಸಿ ಚೆಲ್ಲಿದೆ," ಅಂದರು ಇಂಗ್ಲಿಷ್ ಮೇಷ್ಟ್ರು.

"ಎಲ್ಲಿ ಚೆಲ್ಲಿದೆ? ಎಲ್ಲಕ್ಕಿಂತ ಇದೇ ನೀಟಾಗಿದೆಯಲ್ರೀ!" ಎಂದು ಕಿತ್ತುಕೊಂಡು ಅದನ್ನೇ ಕಟ್ಟಿನ ಮೇಲಿಟ್ಟು, ಟೀ ಮುಗಿಸಿ ತರಗತಿಗೆ ಬಂದು ಕೂತ ಸಾಹೇಬರ ಮುಂದೆ ಇಟ್ಟರು.

ಸಾಹೇಬರು ಮೇಲಿನ ಹಾಳೆ ಓದಿ ಪಕ್ಕಕ್ಕಿಟ್ಟರು. ಆಮೇಲೆ ಉಳಿದವನ್ನು ಓದಿದರು. ಒಬ್ಬರಿಗೆ ಕುರ್ಚಿ ಒಂಟಿತನದ ಸಂಕೇತವಾಗಿತ್ತು, ಇನ್ನೊಬ್ಬರಿಗೆ ಚಪ್ಪಲಿ, ಮತ್ತೊಬ್ಬರಿಗೆ ನೀರಿನ ಲೋಟ. ಒಬ್ಬ ಹುಡುಗನಂತೂ ಕತೆಯಲ್ಲಿ ಬಂದುಹೋಗುವ ಡಾಕ್ಟರನ್ನೂ ವಸ್ತುವಿನ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದ. ಹೆಡ್ ಮಾಸ್ಟರು ಪಕ್ಕದಲ್ಲಿ ನಿಂತಿದ್ದ ಗಣಿತದ ಮೇಷ್ಟ್ರನ್ನು ಮೊಣಕೈಯಿಂದ ತಿವಿದು ನಕ್ಕರು.

"ಇದನ್ನೆಲ್ಲ ಕಲಿಸಿದವರು ಯಾರು?"

"ಇವರೇ ಸಾರ್," ಎಂದು ಹೆಡ್ ಮಾಸ್ಟರು ಇಂಗ್ಲಿಷ್ ಮೇಷ್ಟ್ರನ್ನು ಮುಂದೆ ತಳ್ಳಿದರು.

"ಹೌದು ಸಾರ್," ಅಂದರು ಇವರು.

"ಇದನ್ನೂ ನೀವೇ ಕಲಿಸಿದ್ದಾ?" ಸಾಹೇಬರು ಪಕ್ಕಕ್ಕಿಟ್ಟಿದ್ದ ಹಾಳೆ ಎತ್ತಿ ಗಟ್ಟಿಯಾಗಿ ಓದಿದರು. ಇಂಗ್ಲಿಷಿನ ಕ್ರಿಯಾಪದಗಳು ಅಲ್ಲಲ್ಲಿ ಎಡವಿದ್ದವು. ಸಾರಾಂಶ ಇಷ್ಟು: 'ಈ ಕತೆ ನನಗೆ ಹಿಡಿಸಲಿಲ್ಲ. ಮೊದಲ ಪುಟದಲ್ಲೇ ಎಲ್ಲರೂ ಅತ್ತುಬಿಡುತ್ತಾರೆ, ನನಗೆ ಅಳಲು ಏನೂ ಉಳಿಯಲಿಲ್ಲ. ಅಪ್ಪ ಒಂದು ಮಾತೂ ಆಡುವುದಿಲ್ಲ. ಅವರು ಆ ಕುರ್ಚಿಯಲ್ಲಿ ಕೂತು ಒಂದು ಸಲ ಯಾರ ಹತ್ತಿರವಾದರೂ ಜಗಳ ಆಡಿದ್ದರೆ, ಕುರ್ಚಿ ಖಾಲಿಯಾದಾಗ ನಾನು ಅಳುತ್ತಿದ್ದೆ.'

ತರಬೇತಿ ಕೇಂದ್ರ ಕೈಬಿಟ್ಟು ಹೋಗುವುದು ಮೇಷ್ಟ್ರ ಕಣ್ಣಿಗೆ ಕಟ್ಟಿತು. ನಾಲಿಗೆ ತಾನಾಗಿಯೇ ಹೊರಳಿತು.

"ಇಲ್ಲ ಸಾರ್! ಅದು ನಾನು ಹೇಳಿದ್ದಲ್ಲ. ಆ ಹುಡುಗಿ ತಾನಾಗಿ ಬರೆದದ್ದು. ಸ್ವಲ್ಪ ಮೊಂಡು. ಹೇಳಿದ ಮಾತು ಕೇಳೋದಿಲ್ಲ."

ಅವಳು ಮೇಷ್ಟ್ರ ಮುಖವನ್ನೇ ನೋಡುತ್ತಾ ಕೂತಿದ್ದಳು. ಮೇಷ್ಟ್ರು ಆ ಕಡೆ ತಿರುಗಲಿಲ್ಲ.

ಸಾಹೇಬರು ಹಾಳೆಯನ್ನು ಮೇಜಿನ ಮೇಲಿಟ್ಟರು. "ಜಗಳ ಇತ್ತು," ಅಂದರು ಮೆಲ್ಲಗೆ. "ನಮ್ಮಪ್ಪ ದಿನಾ ಅದೇ ಕುರ್ಚೀಲಿ ಕೂತು ನನ್ನ ಜೊತೆ ಜಗಳ ಆಡ್ತಿದ್ರು. ಕತೆಗೆ ಚೆನ್ನಾಗಿರಲ್ಲ ಅಂತ ನಾನೇ ಹೊಡೆದು ಹಾಕಿದೆ. ಅದಿಲ್ಲದ್ದು ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ." ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡರು. "ಹೀಗೆ ಓದೋದು ಹೇಳಿಕೊಟ್ಟ ಮೇಷ್ಟ್ರೊಬ್ಬರು ಸಿಕ್ಕಿದ್ರೆ ಇವತ್ತೇ ತರಬೇತಿ ಕೇಂದ್ರಕ್ಕೆ ಕರ್ಕೊಂಡು ಹೋಗ್ತಿದ್ದೆ. ನಿಜ ಹೇಳಮ್ಮಾ, ನಿನಗೆ ಯಾರು ಹೇಳಿಕೊಟ್ಟದ್ದು?"

ಈಗ ಮೇಷ್ಟ್ರು ಅವಳ ಕಡೆ ತಿರುಗಿದರು. ಹೇಳು ತಾಯೀ, ಹೇಳಿಬಿಡು ಅಂತ ಒಳಗೊಳಗೇ ಬೇಡಿಕೊಂಡರು. ಹುಡುಗಿ ಎದ್ದು ನಿಂತು, ಮೇಷ್ಟ್ರ ಗಾಬರಿಯ ಮುಖವನ್ನು ಒಮ್ಮೆ ನೋಡಿದಳು.

"ಯಾರೂ ಇಲ್ಲ ಸಾರ್. ಮೇಷ್ಟ್ರು ಹೇಳಿದ್ದು ನಿಜ. ನಾನೇ ಬರೆದೆ. ನಾನು ಸ್ವಲ್ಪ ಮೊಂಡು."

ಸಾಹೇಬರು ನಿಟ್ಟುಸಿರುಬಿಟ್ಟು ಎದ್ದರು. ಹೆಡ್ ಮಾಸ್ಟರು ಹಿಂದೆಯೇ ಓಡಿದರು. ಮೇಷ್ಟ್ರು ಒಂದು ಮಾತು ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದರೂ ಯಾರು ನಂಬುತ್ತಿದ್ದರು?

ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಬೋರ್ಡು ಒರೆಸುತ್ತಿದ್ದಾಗ ಬಾಗಿಲಲ್ಲಿ ಅವಳು ಬಂದು ನಿಂತಳು.

"ಸಾರ್, ನೀವು ಹೇಳಿದ ಹಾಗೇ ಹೇಳಿದೆ. ಸರಿ ಇತ್ತಾ?"

ಮೇಷ್ಟ್ರು ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು.

"ಸರಿ ಇತ್ತಮ್ಮ," ಅಂದರು.

ಅವಳು ಖುಷಿಯಾಗಿ ಮನೆಗೆ ಹೋದಳು.